ವರಕವಿ ಬೇಂದ್ರೆಯವರ ಬಾಳು

ನಾಸಿಕ, ಛತ್ರಪತಿ ಸಂಭಾಜಿನಗರಗಳಂಥ ಊರುಗಳಲ್ಲಿ ಬಾಳುವ ಕನ್ನಡಿಗರಾದ ನಾವು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುತ್ತೇವೆ. ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರೂ ಈ ಎರಡು ನುಡಿಗಳ ನಡುವೆಯೇ ಬೆಳೆದವರು. ಆದರೆ ಅವರಿಗೆ ಮರಾಠಿ ಮನೆಯ ಮಾತು, ಕನ್ನಡ ಊರಿನ ಮಾತು.

ಬೇಂದ್ರೆಯವರು 1896ನೆಯ ಇಸವಿ ಜನವರಿ 31ರಂದು ಧಾರವಾಡದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆದರು. ‘ಅಂಬಿಕಾತನಯದತ್ತ’ ಎಂಬ ಅವರ ಕಾವ್ಯನಾಮದಲ್ಲಿ ಆ ಮಾತೆಯ ಹೆಸರು ಚಿರಸ್ಥಾಯಿಯಾಗಿದೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಮುಗಿಸಿ, ಧಾರವಾಡಕ್ಕೆ ಮರಳಿ ಶಿಕ್ಷಕರಾದರು. ಮರಾಠಿಯಲ್ಲಿ ಬರೆಯಬಲ್ಲವರಾಗಿದ್ದರೂ ತಮ್ಮ ಕಾವ್ಯಕ್ಕೆ ಧಾರವಾಡದ ಆಡುಗನ್ನಡವನ್ನೇ ಆರಿಸಿಕೊಂಡರು.

ಆ ಹಾದಿ ಸುಗಮವಾಗಿರಲಿಲ್ಲ. ‘ನರಬಲಿ’ ಎಂಬ ಕವಿತೆಗಾಗಿ ಆಂಗ್ಲ ಸರಕಾರವು 1932ರಲ್ಲಿ ಅವರನ್ನು ಸೆರೆಗೆ ತಳ್ಳಿತು. ಅನಂತರ ವರ್ಷಗಟ್ಟಲೆ ಸ್ಥಿರವಾದ ಉದ್ಯೋಗವಿಲ್ಲದೆ ಸಂಸಾರವು ಬವಣೆಪಟ್ಟಿತು.

ಅದಕ್ಕಿಂತಲೂ ದೊಡ್ಡ ದುಃಖವು ಮನೆಯೊಳಗೇ ಇತ್ತು. 1919ರಲ್ಲಿ ಲಕ್ಷ್ಮೀಬಾಯಿಯವರ ಕೈಹಿಡಿದ ಬೇಂದ್ರೆಯವರು ಒಂದರ ಹಿಂದೊಂದರಂತೆ ಹಲವು ಮಕ್ಕಳನ್ನು ಕಳೆದುಕೊಂಡರು. ಒಮ್ಮೆ ಕಂದ ಕಣ್ಮುಚ್ಚಿದಾಗ ಮಡದಿಯು ಮಾತಿಲ್ಲದೆ ಪತಿಯ ಮುಖವನ್ನೇ ನೋಡಿದರಂತೆ. ಆ ನೋಟವನ್ನು ತಾಳಲಾರದೆ ಹೊಮ್ಮಿದ ಕವಿತೆಯನ್ನು ಕನ್ನಡನಾಡು ಇಂದಿಗೂ ಹಾಡುತ್ತಿದೆ.

ಇಲ್ಲಿ ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ (1874–1963) ನಮ್ಮ ನೆನಪಿಗೆ ಬರುತ್ತಾರೆ. ಕವಲೊಡೆದ ದಾರಿಯ ಮುಂದೆ ನಿಂತ ಪಯಣಿಗನ ಕವಿತೆಯಿಂದ ಅವರು ಲೋಕಪ್ರಸಿದ್ಧರು. ಅವರ ಆರು ಮಕ್ಕಳಲ್ಲಿ ನಾಲ್ವರು ತಂದೆಯಿರುವಾಗಲೇ ತೀರಿಕೊಂಡರು. 1914ರಲ್ಲಿ ಪ್ರಕಟವಾದ ಅವರ ಸಂಕಲನದ ಒಂದು ಕವಿತೆಯಲ್ಲಿಯೂ ಮಗುವನ್ನು ಕಳೆದುಕೊಂಡ ದಂಪತಿಗಳಿದ್ದಾರೆ. ತನ್ನ ಕೈಯಿಂದಲೇ ಕುಣಿ ತೋಡಿ, ಒಳಬಂದು ದಿನನಿತ್ಯದ ಮಾತನಾಡಿದ ಗಂಡನನ್ನು ಹೆಂಡತಿಯು ಕ್ಷಮಿಸಲಾರಳು. ಮಾತು ಬೆಳೆದಂತೆಲ್ಲ ಅವರು ದೂರವಾಗುತ್ತಾರೆ. ಬೇಂದ್ರೆಯವರ ಕವಿತೆಯಲ್ಲಿ ಹೆಂಡತಿಗೆ ಮಾತೇ ಇಲ್ಲ. ಗಂಡನು ಆಕೆಯ ಮೌನವನ್ನು ಅರಿತು, ಅಳುವನ್ನು ತಡೆಹಿಡಿಯಬೇಡವೆಂದು ಬೇಡುತ್ತಾನೆ. ದುಃಖವು ಎರಡೂ ಮನೆಗಳಲ್ಲಿ ಒಂದೇ. ಆದರೆ ಇಲ್ಲಿ ಅದನ್ನು ಇಬ್ಬರೂ ಕೂಡಿ ಹೊರುತ್ತಾರೆ. ಮುಂದೆ 1937ರ ‘ಸಖೀಗೀತ’ದಲ್ಲಿ ಬೇಂದ್ರೆಯವರು ಹಾಡಿದ್ದು ಇಂಥ ದಾಂಪತ್ಯದ ಸುಖದುಃಖಗಳನ್ನೇ.

1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ‘ಅರಳು ಮರಳು’ ಸಂಕಲನಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, ‘ನಾಕುತಂತಿ’ಗೆ 1973ನೆಯ ಸಾಲಿನ ಜ್ಞಾನಪೀಠವೂ ದೊರೆತವು. 1981ರ ಅಕ್ಟೋಬರ್ ತಿಂಗಳಲ್ಲಿ ಮುಂಬಯಿಯಲ್ಲಿ ದೈವಾಧೀನರಾದರು.

ವಿದ್ಯಾರ್ಥಿಮಿತ್ರರೆ, ಫ್ರಾಸ್ಟರ ಪಯಣಿಗನಿಗೆ ಎರಡು ದಾರಿಗಳಲ್ಲಿ ಒಂದನ್ನು ಬಿಡಲೇಬೇಕಾಯಿತು. ಬೇಂದ್ರೆಯವರು ಕನ್ನಡದ ದಾರಿಯನ್ನು ಹಿಡಿದರೂ ಮರಾಠಿಯನ್ನು ಬಿಡಲಿಲ್ಲ. ಅದರಲ್ಲಿಯೂ ಕೃತಿಗಳನ್ನು ರಚಿಸಿದರು. ಈ ನಾಡಿನಲ್ಲಿದ್ದು ಕನ್ನಡ ಕಲಿತೇನು ಫಲವೆಂದು ನಮ್ಮನ್ನು ಕೇಳುವವರುಂಟು. ಅವರಿಗೆ ನಾವು ಬೇಂದ್ರೆಯವರ ಬಾಳನ್ನು ತೋರಿಸೋಣ. ನೆರೆಯ ನುಡಿಯನ್ನು ಪ್ರೀತಿಸುತ್ತ ನಮ್ಮ ನುಡಿಯನ್ನು ಉಳಿಸಿಕೊಳ್ಳೋಣ.