ಮಹಾಚುನಾವಣೆಯ ಶಿಲ್ಪಿ ಸುಕುಮಾರ ಸೇನ್

ಕಪಿಲಾ ನದಿಯು ನಂಜನಗೂಡನ್ನು ದಾಟಿ, ಸುತ್ತೂರಿನ ಮಗ್ಗುಲಲ್ಲಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು, ಮೈಸೂರಿನ ಒಡೆಯರು ಒಬ್ಬರಾದ ಮೇಲೊಬ್ಬರಂತೆ ಆಳಿದ ನಾಡು ಅದು. ಆಳುವವರು ಬದಲಾದಾಗಲೆಲ್ಲ ಈ ದಂಡೆಯ ಬೇಸಾಯಗಾರನ ಅಭಿಪ್ರಾಯವನ್ನು ಯಾರೂ ಕೇಳಿದವರಲ್ಲ. 1881ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದುದು ಭಾರತದ ಸಂಸ್ಥಾನಗಳಲ್ಲೇ ಹೊಸ ಹೆಜ್ಜೆಯಾಗಿತ್ತು. ಆದರೂ ಮುಂದೆ ಆ ಸಭೆಗೆ ಚುನಾವಣೆಗಳು ನಡೆಯತೊಡಗಿದಾಗ ಮತ ನೀಡುವ ಹಕ್ಕು ಕಂದಾಯ, ಆಸ್ತಿ ಅಥವಾ ವಿದ್ಯೆಯುಳ್ಳ ಕೆಲವರಿಗೆ ಮಾತ್ರ ದೊರೆಯಿತು. ಭೂಮಿಯಿಲ್ಲದ ಕೂಲಿಗಾರನೂ ಅಕ್ಷರವರಿಯದ ಹೆಂಗಸೂ ಹೊರಗೇ ಉಳಿದರು.

1951-52ರ ಪ್ರಥಮ ಮಹಾಚುನಾವಣೆಯು ಈ ಗೋಡೆಯನ್ನು ಕೆಡವಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಜಾತಿ, ಮತ, ಲಿಂಗ, ಸಂಪತ್ತು, ವಿದ್ಯೆ ಇವಾವುದನ್ನೂ ಲೆಕ್ಕಿಸದೆ ವಯಸ್ಕರೆಲ್ಲರಿಗೂ ಮತದಾನದ ಹಕ್ಕನ್ನಿತ್ತಿತು. ಅಂದಿನ ನಿಯಮದಂತೆ 21 ವರ್ಷ ತುಂಬಿದವರೆಲ್ಲರೂ ಮತದಾರರು. ಹೊಲದ ಒಡೆಯನಿಗೆ ಒಂದು ಬೆಲೆ, ಆ ಹೊಲದಲ್ಲಿ ನಾಟಿ ಮಾಡುವ ಹೆಣ್ಣಾಳಿಗೆ ಇನ್ನೊಂದು ಬೆಲೆ ಎಂಬ ಭೇದ ಅಲ್ಲಿರಲಿಲ್ಲ. ಆದರೆ ಸಂವಿಧಾನದಲ್ಲಿ ಬರೆದ ಹಕ್ಕು ಹಳ್ಳಿಯ ಮನೆಮನೆಗೆ ತಾನಾಗಿಯೇ ನಡೆದುಬರುವುದಿಲ್ಲ. ಅದನ್ನು ಯಾರಾದರೂ ಒಯ್ದು ಮುಟ್ಟಿಸಬೇಕು. ಆ ಹೊಣೆಯನ್ನು ಹೊತ್ತವರು ಸ್ವತಂತ್ರ ಭಾರತದ ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನ್ ಅವರು.

ಸುಕುಮಾರ ಸೇನ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಂಗಾಳದ ಒಂದು ವಿದ್ಯಾವಂತ ಕುಟುಂಬದಲ್ಲಿ ಹುಟ್ಟಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಬಳಿಕ ಲಂಡನ್ನಿಗೆ ತೆರಳಿ, ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಗಣಿತಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದರು. 1920ರ ದಶಕದ ಆರಂಭದಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಸೇರಿ, ಬಂಗಾಳದ ಜಿಲ್ಲೆಗಳಲ್ಲಿ ಆಡಳಿತಗಾರರಾಗಿಯೂ ನ್ಯಾಯಾಧೀಶರಾಗಿಯೂ ದುಡಿದರು. ದೇಶವು ಸ್ವತಂತ್ರವಾದಾಗ ಇಬ್ಭಾಗವಾದ ಬಂಗಾಳದ ಪಶ್ಚಿಮ ಭಾಗಕ್ಕೆ ಅವರು ಮುಖ್ಯ ಕಾರ್ಯದರ್ಶಿಗಳಾದರು. ಊರು ತೊರೆದು ಬಂದ ನಿರಾಶ್ರಿತರ ಗೋಳು ಬಾಗಿಲಲ್ಲೇ ನಿಂತಿದ್ದ ಕಾಲವದು. ಅಂಕಿಗಳ ಶಿಸ್ತು, ನ್ಯಾಯಪೀಠದ ನಿಷ್ಪಕ್ಷಪಾತ, ಸಂಕಟದ ದಿನಗಳ ಆಡಳಿತದ ಅನುಭವ ಈ ಮೂರೂ ಕೂಡಿದ್ದ ಅವರನ್ನು 1950ರ ಮಾರ್ಚ್‌ನಲ್ಲಿ ಮುಖ್ಯ ಚುನಾವಣಾ ಆಯುಕ್ತರನ್ನಾಗಿ ನೇಮಿಸಲಾಯಿತು.

ಆಗ ಅವರ ಮುಂದಿದ್ದುದು ಸಾಮಾನ್ಯವಾದ ಕೆಲಸವಲ್ಲ. 1951ರ ವಸಂತದ ಹೊತ್ತಿಗೇ ಚುನಾವಣೆ ನಡೆದೀತೆಂಬ ನಿರೀಕ್ಷೆ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗಿತ್ತು. ಸಿದ್ಧತೆ ಪೂರ್ಣವಾಗದೆ ಚುನಾವಣೆ ನಡೆಸಲಾಗದೆಂಬುದನ್ನು ಸೇನ್ ಅವರು ಮನಗಾಣಿಸಿದರು. ಹದಿನೇಳು ಕೋಟಿ ಮೂವತ್ತು ಲಕ್ಷಕ್ಕೂ ಮಿಗಿಲಾದ ಮತದಾರರ ಹೆಸರುಗಳನ್ನು ಪಟ್ಟಿ ಮಾಡಬೇಕಾಗಿತ್ತು. ಕ್ಷೇತ್ರಗಳ ಮೇರೆಗಳನ್ನು ನಿಗದಿಗೊಳಿಸಬೇಕಾಗಿತ್ತು. ಹಿಮಾಲಯದ ಕಣಿವೆಗಳಿಂದ ಸಮುದ್ರದ ದ್ವೀಪಗಳವರೆಗೆ ಮತಗಟ್ಟೆಗಳನ್ನು ತೆರೆಯಬೇಕಾಗಿತ್ತು. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಹದಿನೆಂಟು ಮಂದಿ. ಅಕ್ಷರವರಿಯದ ಜನರು ಯಾರಿಗೆ ಮತ ನೀಡಬೇಕೆಂಬುದನ್ನು ಹೇಗೆ ತಿಳಿಸಿಯಾರೆಂದು ಸಂದೇಹಪಟ್ಟವರು ದೇಶದ ಒಳಗೂ ಹೊರಗೂ ಇದ್ದರು.

ಈ ಸಂದೇಹಕ್ಕೆ ಉತ್ತರವಾಗಿ ಸೇನ್ ಅವರು ಸರಳವಾದ ಒಂದು ಪದ್ಧತಿಯನ್ನು ಜಾರಿಗೆ ತಂದರು. ಓದಲಾರದವನಿಗೂ ಕಣ್ಣಿದೆ, ವಿವೇಕವಿದೆ ಎಂಬ ನಂಬಿಕೆಯೇ ಅದರ ತಳಹದಿ. ಪಕ್ಷಗಳಿಗೆ ನಿತ್ಯ ಜೀವನದ ವಸ್ತುಗಳನ್ನೇ ಗುರುತುಗಳನ್ನಾಗಿ ಕೊಡಲಾಯಿತು. ನೊಗ ಹೊತ್ತ ಜೋಡಿ ಎತ್ತು, ಗುಡಿಸಲು, ಮರ, ದೀಪ, ಆನೆ ಇವು ಹಳ್ಳಿಗರಿಗೆ ಯಾರೂ ಪರಿಚಯಿಸಬೇಕಾದ ವಸ್ತುಗಳಲ್ಲ. ಮತಗಟ್ಟೆಯ ಮರೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತು. ಮತದಾರನು ಏನನ್ನೂ ಬರೆಯಬೇಕಾಗಿರಲಿಲ್ಲ. ತನ್ನ ಕೈಗೆ ಕೊಟ್ಟ ಮತಪತ್ರವನ್ನು ತಾನೊಪ್ಪಿದ ಗುರುತಿನ ಪೆಟ್ಟಿಗೆಯೊಳಗೆ ಹಾಕಿ ಬಂದರೆ ಸಾಕು. ಒಬ್ಬನೇ ಎರಡು ಬಾರಿ ಮತ ಹಾಕದಂತೆ ತಡೆಯಲು, ಸುಲಭವಾಗಿ ಅಳಿಸಿಹೋಗದ ಶಾಯಿಯನ್ನು ನಮ್ಮ ವಿಜ್ಞಾನಿಗಳು ಸಿದ್ಧಪಡಿಸಿಕೊಟ್ಟರು. ಮತ ನೀಡಿದವರ ಬೆರಳಿಗೆ ಅದನ್ನು ಹಚ್ಚಲಾಗುತ್ತಿತ್ತು.

ಸಿದ್ಧತೆಯ ಗಾತ್ರವನ್ನು ಅಂಕಿಗಳಿಂದ ಊಹಿಸಬಹುದು. ಮತದಾರರ ಪಟ್ಟಿಗಳನ್ನು ಬೆರಳಚ್ಚು ಮಾಡಿ ಹೊಂದಿಸಲು ಹದಿನಾರು ಸಾವಿರಕ್ಕೂ ಹೆಚ್ಚು ಗುಮಾಸ್ತರನ್ನು ಆರು ತಿಂಗಳ ಅವಧಿಗೆ ನೇಮಿಸಿಕೊಳ್ಳಲಾಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉಕ್ಕಿನ ಮತಪೆಟ್ಟಿಗೆಗಳು ತಯಾರಾದವು. ಅವಕ್ಕೆ ಎಂಟು ಸಾವಿರ ಟನ್ನುಗಳಿಗೂ ಮಿಕ್ಕಿದ ಉಕ್ಕು ಬೇಕಾಯಿತು. ಸುಮಾರು ಎರಡು ಲಕ್ಷ ಇಪ್ಪತ್ತನಾಲ್ಕು ಸಾವಿರ ಮತಗಟ್ಟೆಗಳನ್ನು ಏರ್ಪಡಿಸಲಾಯಿತು. ಕೆಲವು ಬೆಟ್ಟದ ಊರುಗಳನ್ನು ತಲುಪಲು ಹೊಳೆಗಳಿಗೆ ಹೊಸದಾಗಿ ಸೇತುವೆಗಳನ್ನೇ ಕಟ್ಟಬೇಕಾಯಿತು; ದ್ವೀಪಗಳಿಗೆ ನೌಕಾಪಡೆಯ ಹಡಗುಗಳು ಪಟ್ಟಿಗಳನ್ನು ಒಯ್ದವು. ಜನರಿಗೆ ತಿಳಿವಳಿಕೆ ನೀಡಲು ಅಣಕು ಮತದಾನಗಳು ನಡೆದವು, ಚಿತ್ರಮಂದಿರಗಳಲ್ಲಿ ಸಾಕ್ಷ್ಯಚಿತ್ರ ತೋರಿಸಲಾಯಿತು, ಆಕಾಶವಾಣಿಯೂ ದನಿಗೂಡಿಸಿತು.

ಈ ನಡುವೆ ಸೇನ್ ಅವರಿಗೆ ಕಠಿಣವಾದೊಂದು ಸಮಸ್ಯೆ ಎದುರಾಯಿತು. ಉತ್ತರ ಭಾರತದ ಹಲವು ಪ್ರಾಂತಗಳಲ್ಲಿ ಹೆಂಗಸರು ಪರಪುರುಷರ ಮುಂದೆ ತಮ್ಮ ಹೆಸರು ಹೇಳುವ ವಾಡಿಕೆಯಿರಲಿಲ್ಲ. ಪಟ್ಟಿ ಬರೆಯಲು ಹೋದವರ ಬಳಿ ಅವರು ಇಂಥವರ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಹೇಳಿಕೊಂಡರು. ಪಟ್ಟಿಯಲ್ಲಿಯೂ ಹಾಗೆಯೇ ದಾಖಲಾಯಿತು. ಸೇನ್ ಅವರು ಇದನ್ನು ಒಪ್ಪಲಿಲ್ಲ. ಮತವು ವ್ಯಕ್ತಿಗೆ ಸೇರಿದ ಹಕ್ಕೇ ಹೊರತು ಗಂಡನ ಅಥವಾ ಮಗನ ನೆರಳಿಗೆ ಸೇರಿದುದಲ್ಲವೆಂಬುದು ಅವರ ನಿಲುವಾಗಿತ್ತು. ಹೆಸರು ತಿಳಿಸಲು ಬಿಹಾರ ಮೊದಲಾದೆಡೆ ಹೆಚ್ಚಿನ ಕಾಲಾವಕಾಶವನ್ನೂ ನೀಡಲಾಯಿತು. ಕೊನೆಗೂ ಸುಮಾರು ಇಪ್ಪತ್ತೆಂಟು ಲಕ್ಷ ಸ್ತ್ರೀಯರ ಹೆಸರುಗಳು ದೊರೆಯದೆ, ಅಂಥ ನಮೂದುಗಳನ್ನು ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಎಲ್ಲರಿಗೂ ಹಕ್ಕು ಮುಟ್ಟಿಸಲೆಂದೇ ನೇಮಕಗೊಂಡವರು ಇಷ್ಟೊಂದು ಜನರನ್ನು ಹೊರಗಿಡುವುದು ಸುಲಭದ ತೀರ್ಮಾನವಲ್ಲ. ಆ ಸ್ತ್ರೀಯರಿಗೆ ಆದ ನಷ್ಟವೂ ಸಣ್ಣದಲ್ಲ. ಆದರೆ ಈ ನಿಷ್ಠುರತೆ ವ್ಯರ್ಥವಾಗಲಿಲ್ಲ. 1957ರ ಚುನಾವಣೆಯ ವೇಳೆಗೆ ಅಂಥ ಬಹುಮಂದಿ ಸ್ತ್ರೀಯರು ತಮ್ಮ ಸ್ವಂತ ಹೆಸರಿನಿಂದಲೇ ಪಟ್ಟಿಯಲ್ಲಿ ಸ್ಥಾನ ಪಡೆದರು.

1951ರ ಅಕ್ಟೋಬರ್ 25ರಂದು ಹಿಮಾಚಲ ಪ್ರದೇಶದ ಚೀನಿ ಎಂಬ ಬೆಟ್ಟದ ಪ್ರದೇಶದಲ್ಲಿ ಮೊದಲ ಮತಗಳು ಬಿದ್ದವು. ಚಳಿಗಾಲದ ಹಿಮವು ದಾರಿಗಳನ್ನು ಮುಚ್ಚುವುದರೊಳಗೆ ಅಲ್ಲಿ ಮತದಾನ ಮುಗಿಯಬೇಕಾಗಿತ್ತು. ಅಂದು ಆರಂಭವಾದ ಚುನಾವಣೆ 1952ರ ಫೆಬ್ರವರಿ 21ರವರೆಗೆ, ಸುಮಾರು ನಾಲ್ಕು ತಿಂಗಳ ಕಾಲ ನಡೆಯಿತು. ಮತಪೆಟ್ಟಿಗೆಯನ್ನು ಪೂಜ್ಯವಸ್ತುವೆಂದು ಭಾವಿಸಿ ಕೈಮುಗಿದವರಿದ್ದರು. ಎಣಿಕೆಗೆ ತೆರೆದಾಗ ಕೆಲವು ಪೆಟ್ಟಿಗೆಗಳಲ್ಲಿ ಮತಪತ್ರಗಳೊಡನೆ ಅಹವಾಲಿನ ಚೀಟಿಗಳೂ ನಾಣ್ಯಗಳೂ ದೊರೆತವು. ಅದನ್ನು ಕಂಡು ನಕ್ಕವರುಂಟು. ಆದರೆ ತನ್ನ ಕಷ್ಟವನ್ನು ಕೇಳುವವರು ಆ ಪೆಟ್ಟಿಗೆಯ ಆಚೆಗಿದ್ದಾರೆಂಬ ಮುಗ್ಧ ವಿಶ್ವಾಸವೂ ಅದರಲ್ಲಿ ಅಡಗಿತ್ತು.

ಸುತ್ತೂರಿನ ಸೀಮೆಯ ಮತದಾರರಿಗೆ ಈ ಚುನಾವಣೆ ಇನ್ನೂ ಸ್ವಲ್ಪ ಜಟಿಲವಾಗಿತ್ತು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಸೇರಿದ್ದ ಮೈಸೂರು ಲೋಕಸಭಾ ಕ್ಷೇತ್ರವು ದ್ವಿಸದಸ್ಯ ಕ್ಷೇತ್ರವಾಗಿತ್ತು. ಪರಿಶಿಷ್ಟ ಜಾತಿಗಳವರಿಗೆ ಮೀಸಲಾದ ಒಂದು ಸ್ಥಾನ, ಸಾಮಾನ್ಯ ಸ್ಥಾನ ಒಂದು, ಹೀಗೆ ಒಂದೇ ಕ್ಷೇತ್ರದಿಂದ ಇಬ್ಬರು ಆಯ್ಕೆಯಾಗಬೇಕು. ಅಂಥ ಕ್ಷೇತ್ರಗಳು ದೇಶದಲ್ಲಿ ಎಂಬತ್ತಾರು ಇದ್ದವು. ಅಲ್ಲಿ ಪ್ರತಿಯೊಬ್ಬ ಮತದಾರನಿಗೂ ಎರಡು ಮತಗಳು; ಎರಡನ್ನೂ ಒಬ್ಬನೇ ಅಭ್ಯರ್ಥಿಗೆ ನೀಡುವಂತಿರಲಿಲ್ಲ. ಅದರೊಡನೆ ರಾಜ್ಯದ ವಿಧಾನಸಭೆಗೂ ಪ್ರತಿನಿಧಿಗಳನ್ನು ಆರಿಸಬೇಕಾಗಿತ್ತು. ಸಾಲಾಗಿ ಇಟ್ಟ ಪೆಟ್ಟಿಗೆಗಳ ಮುಂದೆ ನಿಂತು ಗುರುತುಗಳನ್ನು ನೋಡಿ ನಿರ್ಧರಿಸುವ ಆ ಕ್ಷಣದಲ್ಲಿ ಮತದಾರನ ಬಳಿ ಗೌಡನೂ ಇರಲಿಲ್ಲ, ಸಾಲ ಕೊಟ್ಟವನೂ ಇರಲಿಲ್ಲ.

ಎಣಿಕೆ ಮುಗಿದಾಗ ಮೈಸೂರು ಕ್ಷೇತ್ರದ ಫಲಿತಾಂಶ ಎಲ್ಲರ ಗಮನವನ್ನೂ ಸೆಳೆಯುವಂತಿತ್ತು. ಒಂದು ಸ್ಥಾನ ಜೋಡಿ ಎತ್ತಿನ ಗುರುತಿನ ಕಾಂಗ್ರೆಸ್ಸಿನ ಎನ್. ರಾಚಯ್ಯ ಅವರಿಗೆ ದೊರೆಯಿತು. ಇನ್ನೊಂದು ಸ್ಥಾನವನ್ನು ಗುಡಿಸಲಿನ ಗುರುತಿನ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ. ಎಸ್. ಗುರುಪಾದಸ್ವಾಮಿ ಅವರು ಗೆದ್ದರು. ಗುರುಪಾದಸ್ವಾಮಿ ಅವರು ಆಗ ಮೂವತ್ತು ತುಂಬದ ತರುಣರು. ಅವರ ಪಕ್ಷವಾದರೋ, ಆಚಾರ್ಯ ಕೃಪಲಾನಿಯವರು ಕಾಂಗ್ರೆಸ್ಸನ್ನು ತೊರೆದು 1951ರಲ್ಲಷ್ಟೇ ಕಟ್ಟಿದ್ದುದು. ಅಂದಿನ ಮೈಸೂರು ರಾಜ್ಯದ ಹನ್ನೊಂದು ಲೋಕಸಭಾ ಸ್ಥಾನಗಳಲ್ಲಿ ಹತ್ತು ಕಾಂಗ್ರೆಸ್ಸಿನ ಪಾಲಾದವು. ಉಳಿದ ಒಂದೇ ಸ್ಥಾನ ಇದು. ಸ್ವಾತಂತ್ರ್ಯ ತಂದ ಪಕ್ಷದ ಕೀರ್ತಿ ಮಧ್ಯಾಹ್ನದ ಸೂರ್ಯನಂತಿದ್ದ ಆ ದಿನಗಳಲ್ಲಿ ಕಾವೇರಿ ಕಪಿಲೆಯರ ನಾಡಿನ ಜನರು ತಮ್ಮ ಇಬ್ಬರು ಪ್ರತಿನಿಧಿಗಳನ್ನು ಎರಡು ಪಕ್ಷಗಳಿಂದ ಕಳುಹಿಸಿದರು. ಅಕ್ಷರ ಬಾರದವರಿಗೆ ಆಯ್ಕೆಯೂ ಬಾರದೆಂಬ ಸಂದೇಹಕ್ಕೆ ಇದೂ ಒಂದು ಉತ್ತರವಾಯಿತು.

ದೇಶದಲ್ಲಿ 489 ಸ್ಥಾನಗಳ ಪೈಕಿ 364 ಸ್ಥಾನಗಳನ್ನು ಕಾಂಗ್ರೆಸ್ ಗೆದ್ದಿತು. ನೆಹರೂ ಅವರ ಸರ್ಕಾರ ಭದ್ರವಾಯಿತು. ಆದರೆ ಗೆಲುವಿನ ಲೆಕ್ಕದಷ್ಟೇ ಸೋಲಿನ ಲೆಕ್ಕವೂ ಗಮನಾರ್ಹವಾದುದು. ರಾಜಸ್ಥಾನದಲ್ಲಿ ಮುಖ್ಯಮಂತ್ರಿ ಜಯನಾರಾಯಣ ವ್ಯಾಸರು ಸೋತರು. ಮುಂಬಯಿಯಲ್ಲಿ ಪ್ರಭಾವಿ ಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿ ಅವರು ವಿಧಾನಸಭೆಯ ಸ್ಥಾನವನ್ನು ಅತ್ಯಲ್ಪ ಮತಗಳಿಂದ ಕಳೆದುಕೊಂಡರು. ಸಂವಿಧಾನ ಶಿಲ್ಪಿಗಳಾದ ಡಾ. ಬಿ. ಆರ್. ಅಂಬೇಡ್ಕರ್ ಅವರೂ ಆಚಾರ್ಯ ಕೃಪಲಾನಿಯವರೂ ಲೋಕಸಭೆಗೆ ಆಯ್ಕೆಯಾಗಲಿಲ್ಲ. ಇವರಲ್ಲಿ ಕೆಲವರ ಸೋಲು ನಾಡಿಗೆ ನಷ್ಟವೇ ಸರಿ. ಅಧಿಕಾರದಲ್ಲಿದ್ದವರ ಹೆಸರು ನೋಡಿ ಎಣಿಕೆ ಬದಲಾಗಲಿಲ್ಲವೆಂಬುದು ಮಾತ್ರ ಎಲ್ಲರಿಗೂ ಸ್ಪಷ್ಟವಾಯಿತು. ಸೋತವರೂ ಒಪ್ಪುವಂತೆ ನಡೆದ ಚುನಾವಣೆಯೇ ನಿಜವಾದ ಚುನಾವಣೆ. ಸೇನ್ ಅವರ ದುಡಿಮೆಯ ಸಾರ್ಥಕತೆಯೂ ಅದರಲ್ಲಿಯೇ ಇತ್ತು.

ಅವರ ಕೀರ್ತಿ ಹೊರನಾಡುಗಳಿಗೂ ಹಬ್ಬಿತು. 1953ರಲ್ಲಿ ಆಫ್ರಿಕದ ಸುಡಾನ್ ದೇಶವು ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದಾಗ ಅಲ್ಲಿನ ಪ್ರಥಮ ಸಂಸದೀಯ ಚುನಾವಣೆಯನ್ನು ನಡೆಸಲು ರಚಿತವಾದ ಅಂತರರಾಷ್ಟ್ರೀಯ ಆಯೋಗಕ್ಕೆ ಅವರೇ ಅಧ್ಯಕ್ಷರಾದರು. ಮರುಭೂಮಿಯ ಆ ವಿಸ್ತಾರವಾದ ನಾಡಿನಲ್ಲಿಯೂ ಕಾರ್ಯವನ್ನು ಯಶಸ್ವಿಯಾಗಿ ನೆರವೇರಿಸಿ ಹಿಂದಿರುಗಿದರು. 1954ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1957ರ ಎರಡನೆಯ ಮಹಾಚುನಾವಣೆಯೂ ಅವರ ಮೇಲ್ವಿಚಾರಣೆಯಲ್ಲೇ ನಡೆಯಿತು. ಮೊದಲ ಚುನಾವಣೆಯ ಉಕ್ಕಿನ ಪೆಟ್ಟಿಗೆಗಳನ್ನು ಜೋಪಾನವಾಗಿ ಕಾಪಾಡಿಸಿ ಮತ್ತೆ ಬಳಸಿದ್ದರಿಂದ ಈ ಬಾರಿ ಬಹಳಷ್ಟು ಹಣ ಉಳಿಯಿತು. ಬಡದೇಶದ ಒಂದೊಂದು ಕಾಸಿನ ಬೆಲೆಯನ್ನೂ ಅರಿತಿದ್ದವರು ಅವರು.

1958ರ ಡಿಸೆಂಬರ್‌ನಲ್ಲಿ ಸೇನ್ ಅವರು ಮುಖ್ಯ ಚುನಾವಣಾ ಆಯುಕ್ತರ ಹೊಣೆಯಿಂದ ಬಿಡುಗಡೆ ಹೊಂದಿದರು. 1960ರಲ್ಲಿ ಬಂಗಾಳದ ಬರ್ದ್ವಾನ್ ವಿಶ್ವವಿದ್ಯಾನಿಲಯ ಆರಂಭವಾದಾಗ ಅದರ ಪ್ರಥಮ ಕುಲಪತಿಗಳಾದರು. ಆ ದಶಕದ ಮೊದಲ ವರ್ಷಗಳಲ್ಲಿಯೇ ತೀರಿಕೊಂಡರು. ತಮ್ಮ ಸಾಧನೆಯನ್ನು ಕುರಿತು ಅವರು ಆತ್ಮಚರಿತ್ರೆಯನ್ನು ಬರೆಯಲಿಲ್ಲ.

ಅವರು ರೂಪಿಸಿದ ಏರ್ಪಾಡುಗಳಲ್ಲಿ ಕೆಲವು ಕಾಲಕ್ರಮದಲ್ಲಿ ಬದಲಾದವು. 1961ರ ಕಾನೂನಿನಿಂದ ದ್ವಿಸದಸ್ಯ ಕ್ಷೇತ್ರಗಳು ರದ್ದಾದವು. ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಇಡುವ ಕ್ರಮ ಹೋಗಿ, ಮತಪತ್ರದಲ್ಲಿ ಅಚ್ಚಾದ ಗುರುತಿನ ಮೇಲೆ ಮುದ್ರೆಯೊತ್ತುವ ಕ್ರಮ ಬಂದಿತು. ಮುಂದೆ ಅದರ ಸ್ಥಾನಕ್ಕೆ ಮತಯಂತ್ರ ಬಂದಿತು. 1989ರಲ್ಲಿ ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿಯಿತು. ಆದರೆ ಗುರುತು ಉಳಿದಿದೆ, ಗುಟ್ಟು ಉಳಿದಿದೆ, ಬೆರಳಿನ ಶಾಯಿಯೂ ಉಳಿದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಮೂರನೆಯ ಮಹಾಚುನಾವಣೆಯಿಂದ ಮೊದಲ್ಗೊಂಡು ದೇಶಕ್ಕೆಲ್ಲ ಆ ಶಾಯಿಯನ್ನು ಒದಗಿಸುತ್ತ ಬಂದಿದೆ.

ಸುತ್ತೂರಿನಲ್ಲಾಗಲಿ ಹಿಮಾಲಯದ ಕಣಿವೆಯಲ್ಲಾಗಲಿ ಮತದಾನದ ದಿನ ಬೆರಳ ತುದಿಗೆ ತಾಗುವ ಆ ಕಪ್ಪು ಗೆರೆ ಕೆಲವು ದಿನಗಳಲ್ಲಿ ಮಾಸಿಹೋಗುತ್ತದೆ. ಸಿರಿವಂತನ ಬೆರಳಿಗೂ ಕೂಲಿಗಾರನ ಬೆರಳಿಗೂ ಅದು ಒಂದೇ ಬಗೆಯ ಗೆರೆ. ಆ ಸಮಾನತೆಯನ್ನು ಸಂವಿಧಾನದ ಪುಟದಿಂದ ಇಳಿಸಿ ಹಳ್ಳಿಹಳ್ಳಿಯ ಮತಗಟ್ಟೆಗೆ ಮುಟ್ಟಿಸಿದವರಲ್ಲಿ ಸುಕುಮಾರ ಸೇನ್ ಅವರು ಅಗ್ರಗಣ್ಯರು.