ಸಂತ ಫಿಲೋಮಿನಾ ದೇವಾಲಯ ಮತ್ತು ರಾಜರ್ಷಿ ನಾಲ್ವಡಿ ಕೃಷ್ಣರಾಜ ಒಡೆಯರು

ಮೈಸೂರಿಗೆ ಹೋಗಿಬರುವ ಅಜ್ಜೀಪುರದ ಭಕ್ತಾದಿಗಳಲ್ಲಿ ಸಂತ ಫಿಲೋಮಿನಾ ಪ್ರಧಾನಾಲಯದ ಅವಳಿ ಗೋಪುರಗಳನ್ನು ತಲೆಯೆತ್ತಿ ನೋಡದವರು ವಿರಳ. 175 ಅಡಿ ಎತ್ತರಕ್ಕೆ ಏರಿನಿಂತ ಆ ಗೋಪುರಗಳು ನಮ್ಮ ಧರ್ಮಪ್ರಾಂತ್ಯದ ಹೆಮ್ಮೆ. ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸುಸಂದರ್ಭದಲ್ಲಿ, ಆ ದೇವಾಲಯಕ್ಕೆ ಶಿಲಾನ್ಯಾಸ ಮಾಡಿದ ಪುಣ್ಯಪುರುಷರನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇವೆ. ಅವರು ಕ್ರೈಸ್ತರಾಗಿರಲಿಲ್ಲ; ಚಾಮುಂಡೇಶ್ವರಿಯ ಆರಾಧಕರಾದ ಮೈಸೂರಿನ ಮಹಾರಾಜರಾಗಿದ್ದರು.

ನಾಲ್ವಡಿ ಕೃಷ್ಣರಾಜ ಒಡೆಯರು ಜನಿಸಿದುದು 1884ನೆಯ ಇಸವಿ ಜೂನ್ 4ರಂದು. ತಂದೆ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ದೈವಾಧೀನರಾದಾಗ ಬಾಲಕನಿಗೆ ಹತ್ತೇ ವರ್ಷ. ಮಾತೃಶ್ರೀ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ರಾಜ್ಯಭಾರವನ್ನು ನಿರ್ವಹಿಸಿದರು. 1902ರ ಆಗಸ್ಟ್ 8ರಂದು ಒಡೆಯರು ಪೂರ್ಣಾಧಿಕಾರವನ್ನು ವಹಿಸಿಕೊಂಡರು.

ಅದೇ ವರ್ಷ ನಮ್ಮ ಕೊಳ್ಳೇಗಾಲದ ಸೆರಗಿನಲ್ಲಿರುವ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯ ಅಣೆಕಟ್ಟು ಎದ್ದಿತು. ನಮ್ಮ ಕೊಳ್ಳೇಗಾಲ ಸೀಮೆಯಾದರೋ ಆಗ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಬಂದಿತು. ಹೀಗೆ ನಮ್ಮ ಹಿರಿಯರು ಅವರ ಪ್ರಜೆಗಳಾಗಿರಲಿಲ್ಲವಾದರೂ ಅವರ ಧರ್ಮಬುದ್ಧಿಯ ಫಲವನ್ನು ನಾವೂ ಉಣ್ಣುತ್ತಿದ್ದೇವೆ.

ಮೈಸೂರಿನಲ್ಲಿ ಅದೇ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲಿ ಕಟ್ಟಿಸಿಕೊಟ್ಟ ಹಳೆಯ ದೇವಾಲಯವೊಂದಿತ್ತು. 1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿಗಳಾಗಿದ್ದ ತಂಬು ಚೆಟ್ಟಿಯವರು ಜಗದ್ಗುರುಗಳ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ಪಡೆದರು. ಅದನ್ನು ಸ್ವೀಕರಿಸಿದ ಫಾದರ್ ಕೋಶೆಯವರು, ಸಂತಳ ಗೌರವಾರ್ಥವಾಗಿ ಹೊಸ ದೇವಾಲಯವನ್ನು ನಿರ್ಮಿಸಲು ನೆರವಾಗಬೇಕೆಂದು ಪ್ರಭುಗಳಲ್ಲಿ ಬಿನ್ನವಿಸಿದರು. ಪ್ರಭುಗಳು ಸಮ್ಮತಿಸಿದರು. ಹೊಸ ದೇವಾಲಯಕ್ಕೆ ಆರಿಸಿದುದು ಗೋಥಿಕ್ ಶೈಲಿ.

ಈ ಶೈಲಿ ಹುಟ್ಟಿದುದು ಫ್ರಾನ್ಸಿನಲ್ಲಿ. ಅದಕ್ಕೆ ಮೊದಲು ಯೂರೋಪಿನ ದೇವಾಲಯಗಳ ಕಲ್ಲಿನ ಚಾವಣಿಯ ಭಾರವನ್ನು ಹೊರಲು ದಪ್ಪ ಗೋಡೆಗಳೇ ಬೇಕಾಗಿದ್ದವು. ಕಿಟಕಿಗಳು ಕಿರಿದಾಗಿ ಒಳಗೆ ಮಬ್ಬು ಕವಿದಿರುತ್ತಿತ್ತು. ಪ್ಯಾರಿಸಿನ ಸಮೀಪದ ಸಂತ ಡೆನಿಸರ ಮಠದ ಅಧಿಪತಿ ಸುಜೇರರು ಪುನರ್ನಿರ್ಮಿಸಿದ ಪೀಠಭಾಗವು 1144ರಲ್ಲಿ ಪ್ರತಿಷ್ಠಿತವಾಯಿತು. ಹೊಸ ಶೈಲಿಗೆ ಅದೇ ನಾಂದಿ. ಮೊನಚಾದ ಕಮಾನು ಭಾರವನ್ನು ಹೆಚ್ಚಾಗಿ ಕೆಳಮುಖವಾಗಿ ಇಳಿಸುತ್ತದೆ. ಚಾವಣಿಯ ಕಲ್ಲಿನ ಪಟ್ಟಿಗಳು ಅದನ್ನು ಕಂಬಗಳಿಗೆ ಹಂಚುತ್ತವೆ. ಮುಂದೆ ರೂಢಿಗೆ ಬಂದ ಹೊರಗಿನ ಆಸರೆ ಕಮಾನುಗಳು ಗೋಡೆ ಹೊರಕ್ಕೆ ಬಾಗದಂತೆ ಒತ್ತಿಹಿಡಿಯುತ್ತವೆ. ಗೋಡೆಯ ಹೊರೆ ತಗ್ಗಿದುದರಿಂದ ಅಲ್ಲಿ ವಿಶಾಲವಾದ ಬಣ್ಣದ ಗಾಜಿನ ಕಿಟಕಿಗಳು ತೆರೆದುಕೊಂಡವು. ಇಟಲಿಯ ವಿದ್ವಾಂಸರು ಮುಂದೆ ಇದನ್ನು ಒರಟು ಗೋಥರ ಶೈಲಿಯೆಂದು ಹಳಿದರು. ಆ ನಿಂದೆಯ ಹೆಸರೇ ಉಳಿಯಿತು. 1248ರಲ್ಲಿ ಆರಂಭವಾದ ಜರ್ಮನಿಯ ಕೊಲೋನ್ ಪ್ರಧಾನಾಲಯವು ಪೂರ್ಣಗೊಂಡುದು 1880ರಲ್ಲಿ.

ಆ ಕೊಲೋನಿನ ಮಾದರಿಯಲ್ಲಿ ಡೇಲಿ ಎಂಬ ಫ್ರೆಂಚ್ ಶಿಲ್ಪಿಯು ಮೈಸೂರಿನ ದೇವಾಲಯದ ನಕ್ಷೆಯನ್ನು ರಚಿಸಿದನು. 1933ರ ಅಕ್ಟೋಬರ್ 28ರಂದು ಮಹಾರಾಜರು ಸ್ವಹಸ್ತದಿಂದ ಅಡಿಗಲ್ಲನ್ನಿಟ್ಟರು. ದೈವಕರುಣೆ ಹಾಗೂ ಮಾನವರ ಕೃತಜ್ಞತೆ ಎಂಬ ಎರಡು ಅಡಿಪಾಯಗಳ ಮೇಲೆ ಈ ದೇವಾಲಯ ಭದ್ರವಾಗಿ ನಿಲ್ಲುವುದೆಂಬ ನಂಬಿಕೆಯನ್ನು ಅಂದು ಅವರು ವ್ಯಕ್ತಪಡಿಸಿದರು. ಶಿಲುಬೆಯಾಕಾರದ ಆ ಆಲಯದ ಗಾಜಿನ ಕಿಟಕಿಗಳಲ್ಲಿ ಪ್ರಭು ಕ್ರಿಸ್ತರ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನಗಳು ಇಂದಿಗೂ ಬೆಳಗುತ್ತಿವೆ. 1940ರ ಆಗಸ್ಟ್ 3ರಂದು ರಾಜರ್ಷಿಗಳು ಕಾಲವಶರಾದರು.

ಗೋಥಿಕ್ ದೇವಾಲಯದಲ್ಲಿ ಯಾವ ಗೋಡೆಯೂ ತನ್ನ ಬಲದಿಂದಲೇ ನಿಲ್ಲುವುದಿಲ್ಲ. ಒಂದರ ಭಾರವನ್ನು ಮತ್ತೊಂದು ಹೊರುತ್ತದೆ. ಮೈಸೂರಿನ ನಮ್ಮ ಪ್ರಧಾನಾಲಯಕ್ಕೆ ಅನ್ಯಧರ್ಮದ ದೊರೆಯೊಬ್ಬರ ಕೈ ಆಸರೆಯಾಯಿತು. ನಮ್ಮ ಊರಿನಲ್ಲಿ ನೆರೆಹೊರೆಯವರ ದೇಗುಲಕ್ಕಾಗಲಿ, ಮಸೀದಿಗಾಗಲಿ ನಮ್ಮ ಕೈಯೂ ಹಾಗೆಯೇ ಒದಗುತ್ತಿದೆಯೇ? ನೂರು ವರ್ಷಗಳ ಹೊಸ್ತಿಲಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳೋಣ. ಆ ಕೃತಜ್ಞತೆಯ ಅಡಿಪಾಯವು ನಮ್ಮಲ್ಲಿ ಸಡಿಲವಾಗದಂತೆ ಪ್ರಾರ್ಥಿಸೋಣ.