ಕಮ್ಮಾರನ ಮಗ ಮೈಕೇಲ್ ಫ್ಯಾರಡೆ

ಮುಂಬಯಿಯ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಮೋಟಾರು ಸೈಕಲ್ಲು ಚಾಲೂ ಆಗಲಿಲ್ಲ. ತಿಂಗಳ ಹಿಂದಷ್ಟೇ ಹಾಕಿಸಿದ್ದ ಬ್ಯಾಟರಿಯು ಬರಿದಾಗಿತ್ತು. ಮತ್ತೊಂದನ್ನು ಕೊಳ್ಳಲು ಹೊರಟಿದ್ದ ನಮ್ಮನ್ನು ತಡೆದವನು ನಮ್ಮಲ್ಲಿಯೇ ಓದಿದ್ದ ಹುಡುಗ. ಹತ್ತನೆಯ ತರಗತಿಯ ನಂತರ ಅವನು ಗ್ಯಾರೇಜು ಸೇರಿದಾಗ, ಅವನ ವಿದ್ಯೆ ಅಲ್ಲಿಗೆ ಮುಗಿಯಿತೆಂದು ನಾವು ಮರುಗಿದ್ದೆವು. ಅವನ ಕೆಲಸವನ್ನು ನೋಡುತ್ತ ನಿಂತ ನಮಗೆ ಫ್ಯಾರಡೆಯ ನೆನಪಾಯಿತು.

ಮೈಕೇಲ್ ಫ್ಯಾರಡೆಯು 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿಯ ನ್ಯೂವಿಂಗ್ಟನ್ ಬಟ್ಸ್‌ನಲ್ಲಿ ಬಡ ಕಮ್ಮಾರನ ಮಗನಾಗಿ ಜನಿಸಿದನು. ಓದು, ಬರಹ, ಲೆಕ್ಕಗಳಿಗೇ ಅವನ ಶಾಲೆಯು ಮುಗಿಯಿತು. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದನು. ಕಟ್ಟಲು ಬಂದ ಪುಸ್ತಕಗಳನ್ನು ಓದಿಯೂ ಬಿಟ್ಟನು. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡದ್ದನ್ನು ತಾನೇ ರಟ್ಟು ಕಟ್ಟಿ ಆ ವಿಜ್ಞಾನಿಗೆ ಕಳುಹಿಸಿದನು. ಮರುವರ್ಷ ಅಲ್ಲಿಯೇ ಪ್ರಯೋಗಶಾಲೆಯ ಸಹಾಯಕನಾದನು.

ವಿದ್ಯುತ್ತಿನಿಂದ ಅಯಸ್ಕಾಂತ ಶಕ್ತಿಯು ಹುಟ್ಟುವುದೆಂದು 1820ರಲ್ಲಿ ತಿಳಿದುಬಂದಿತ್ತು. ಹಾಗಾದರೆ ಅಯಸ್ಕಾಂತದಿಂದ ವಿದ್ಯುತ್ತೇಕೆ ಹುಟ್ಟಬಾರದು? 1825ರಲ್ಲಿ ಫ್ಯಾರಡೆಯು ಪ್ರಯತ್ನಿಸಿ ಸೋತನು. ಸೋತದ್ದನ್ನೂ ದಿನಚರಿಯಲ್ಲಿ ಬರೆದಿಟ್ಟನು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ಸುರುಳಿ ತಂತಿಗಳನ್ನು ಸುತ್ತಿ, ಒಂದಕ್ಕೆ ಬ್ಯಾಟರಿಯನ್ನು ಜೋಡಿಸಿದನು. ಎರಡನೆಯದರ ಬಳಿಯಿದ್ದ ಸೂಜಿಯು ತಟಕ್ಕನೆ ಅಲುಗಿ ಸುಮ್ಮನಾಯಿತು. ಬ್ಯಾಟರಿಯನ್ನು ಕಳಚಿದಾಗ ಮತ್ತೆ ಅಲುಗಿತು. ನಡುವೆ ವಿದ್ಯುತ್ತು ಒಂದೇ ಸಮನೆ ಹರಿಯುತ್ತಿದ್ದಾಗ ಏನೂ ಆಗಲಿಲ್ಲ. ಅಕ್ಟೋಬರ್ 17ರಂದು ಅಯಸ್ಕಾಂತದ ಕಂಬಿಯನ್ನೇ ಸುರುಳಿಯೊಳಗೆ ತೂರಿಸಿ ತೆಗೆದನು. ರಹಸ್ಯವು ಚಲನೆಯಲ್ಲಿತ್ತು, ನಿಶ್ಚಲವಾದ ಅಯಸ್ಕಾಂತದಿಂದ ಫಲವಿಲ್ಲ.

ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಒಲ್ಲೆನೆಂದ ಈತನು, 1827ರಿಂದ 1860ರವರೆಗೆ ಹತ್ತೊಂಬತ್ತು ಬಾರಿ ಮಕ್ಕಳಿಗಾಗಿ ಕ್ರಿಸ್ಮಸ್ ಉಪನ್ಯಾಸಮಾಲೆಗಳನ್ನು ನಡೆಸಿದನು. 1867ರ ಆಗಸ್ಟ್ 25ರಂದು ಕಾಲವಾದನು.

ಮೋಟಾರು ಸೈಕಲ್ಲಿನಲ್ಲಿ ಎಂಜಿನ್ನಿನೊಡನೆ ಅಯಸ್ಕಾಂತಗಳು ತಿರುಗುತ್ತವೆ. ಬಳಿಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ಹರಿಯಿಸಿ ಬ್ಯಾಟರಿಗೆ ತುಂಬುತ್ತದೆ. ನಮ್ಮ ಹುಡುಗನು ಮೊದಲು ಬ್ಯಾಟರಿಯನ್ನು ಬೇರೆಡೆ ಚಾರ್ಜು ಮಾಡಿಸಿ ತಂದು ಮೀಟರು ಹಿಡಿದನು: 12.6 ವೋಲ್ಟು. ಎಂಜಿನ್ನಿನ ವೇಗವನ್ನು ಹೆಚ್ಚಿಸಿದಾಗ ಅದು ಸುಮಾರು 14ಕ್ಕೆ ಏರಬೇಕಾಗಿತ್ತು, ಏರಲಿಲ್ಲ. ಬ್ಯಾಟರಿಯ ತುದಿಗಳನ್ನು ಉಜ್ಜಿದನು, ಫ್ಯೂಸನ್ನು ನೋಡಿದನು. ಸುರುಳಿಯ ಮೂರು ತಂತಿಗಳನ್ನು ಎರಡೆರಡಾಗಿ ಅಳೆದನು. ಮೂರೂ ಅಳತೆಗಳು ಸಮನಾಗಿದ್ದವು. ಕಡೆಗೆ ರೆಕ್ಟಿಫೈಯರಿನ ಕೂಡುಜಾಗವನ್ನು ಬಿಚ್ಚಿದಾಗ, ಮಳೆನೀರು ಇಳಿದು ಹಸುರು ಕಿಲುಬು ಕಟ್ಟಿತ್ತು. ಅದನ್ನು ಕೆರೆದು ಜೋಡಿಸಿದೊಡನೆ ಮೀಟರು 14 ತೋರಿಸಿತು.

ಊಹೆಯಿಂದ ಸಾಮಾನು ಬದಲಿಸದೆ, ಒಂದೊಂದನ್ನೇ ಅಳೆದು ಮುಂದೆ ಸಾಗುವುದೇ ಫ್ಯಾರಡೆಯ ಮಾರ್ಗ. ವಿದ್ಯಾರ್ಥಿಗಳೇ, ಆ ಹುಡುಗನ ವಿದ್ಯೆಯು ಮುಗಿದಿರಲಿಲ್ಲ. ಮುಗಿಯಿತೆಂದು ತಿಳಿದ ನಮ್ಮ ಲೆಕ್ಕವೇ ತಪ್ಪಾಗಿತ್ತು.